ಐವತ್ತು ವರ್ಷದ ಬಳಿಕ ಓದಿದ ಪತ್ರ

ಮಕ್ಕಳೇ, ಈ ವಾರ ನಿಮಗೆ ಒಬ್ಬ ಅಜ್ಜಿಯ ಪರಿಚಯ ಮಾಡಿಸುತ್ತೇನೆ. ಹೆಸರು ಇವಾ ಮೋಜೆಸ್ ಕೋರ್. ಗಿಡ್ಡ ಆಳು, ಗಟ್ಟಿ ದನಿ. ನೀಲಿ ಬಣ್ಣದ ಉಡುಪೆಂದರೆ ಬಲು ಇಷ್ಟ. ಎಡಗೈ ಮೇಲೆ ಒಂದು ಹಚ್ಚೆ. ನಮ್ಮ ಹಳೆಯ ಕಾಲದ ಅಜ್ಜಿಯರ ಕೈ ಮೇಲೆ ಹೂವಿನದೋ, ರಂಗೋಲಿಯದೋ ಹಚ್ಚೆ ಕಾಣುತ್ತದಲ್ಲ? ಇವಾ ಅಜ್ಜಿಯ ಕೈ ಮೇಲಿದ್ದದ್ದು ಒಂದು ನಂಬರು: ಎ-7063. ಆಸೆಪಟ್ಟು ಹಾಕಿಸಿಕೊಂಡದ್ದಲ್ಲ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಬಲವಂತವಾಗಿ ಹಿಡಿದು ಚುಚ್ಚಿದ್ದು.

ಆ ನಂಬರು ಚುಚ್ಚಿದವರನ್ನು, ತನ್ನ ಅಪ್ಪ ಅಮ್ಮನನ್ನು ಕೊಂದವರನ್ನು ಈ ಅಜ್ಜಿ ಮುಂದೊಂದು ದಿನ ಕ್ಷಮಿಸಿದರು. ಹೇಗೆ ಸಾಧ್ಯವಾಯಿತು? ಏಕೆ ಕ್ಷಮಿಸಿದರು? ಹಾಗೆ ಮಾಡಿದ್ದು ಸರಿಯೇ? ಈ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಈ ಕಥೆಯಲ್ಲಿ ಸಂಕಟ ತುಂಬಾ ಇದೆ. ಚಿಕ್ಕ ಮಕ್ಕಳಿಗಾದರೆ ನೀವು ಮೊದಲು ಓದಿಕೊಂಡು, ಎಷ್ಟು ಬೇಕೋ ಅಷ್ಟನ್ನೇ ಹೇಳಿ. ದೊಡ್ಡ ಮಕ್ಕಳ ಜೊತೆ ಪಕ್ಕದಲ್ಲಿ ಕೂತು ಓದಿ. ಅವರು ಪ್ರಶ್ನೆ ಕೇಳಿದರೆ ಅವಸರ ಮಾಡಬೇಡಿ.

ಲೆಕ್ಕದ ಪುಸ್ತಕದಲ್ಲಿದ್ದ ದ್ವೇಷ

1934ರ ಜನವರಿ 31ರಂದು ರುಮೇನಿಯಾ ದೇಶದ ಪೋರ್ಟ್ಸ್ ಎಂಬ ಪುಟ್ಟ ಹಳ್ಳಿಯಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಒಬ್ಬಳು ಇವಾ, ಇನ್ನೊಬ್ಬಳು ಮಿರಿಯಂ. ಎಡಿತ್, ಅಲಿಸ್ ಎಂಬ ಇಬ್ಬರು ಅಕ್ಕಂದಿರು ಆಗಲೇ ಇದ್ದರು. ಆ ಹಳ್ಳಿಯಲ್ಲಿದ್ದ ಯಹೂದಿ ಕುಟುಂಬ ಇವರದೊಂದೇ.

ಆಗ ಜರ್ಮನಿಯಲ್ಲಿ ಹಿಟ್ಲರನ ನಾಜಿ ಪಕ್ಷದ ಆಡಳಿತ. ದೇಶದ ಕಷ್ಟಗಳಿಗೆಲ್ಲ ಯಹೂದಿಗಳೇ ಕಾರಣ ಎಂದು ನಾಜಿಗಳು ಜನರನ್ನು ನಂಬಿಸಿದ್ದರು. 1940ರಲ್ಲಿ ಇವಾಳ ಊರು ಜರ್ಮನಿಯ ಪರವಾಗಿದ್ದ ಹಂಗೆರಿಯ ಕೈಗೆ ಹೋಯಿತು. ಶಾಲೆಯ ಪುಸ್ತಕಗಳು ಬದಲಾದವು. ಇಷ್ಟು ಮಂದಿ ಯಹೂದಿಗಳಲ್ಲಿ ಇಷ್ಟು ಮಂದಿಯನ್ನು ಕೊಂದರೆ ಉಳಿಯುವವರು ಎಷ್ಟು ಎಂಬ ಕಳೆಯುವ ಲೆಕ್ಕ ಪುಸ್ತಕದಲ್ಲಿತ್ತು ಎಂದು ಇವಾ ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಒಮ್ಮೆ ತರಗತಿಯ ಹುಡುಗರು ಟೀಚರ ಕುರ್ಚಿಯ ಮೇಲೆ ಹಕ್ಕಿಮೊಟ್ಟೆ ಇಟ್ಟು, ತಪ್ಪನ್ನು ಈ ಅವಳಿಗಳ ತಲೆಗೆ ಕಟ್ಟಿದರು. ಇಬ್ಬರನ್ನೂ ಒಣಗಿದ ಮುಸುಕಿನ ಜೋಳದ ಕಾಳುಗಳ ಮೇಲೆ ಮಂಡಿಯೂರಿಸಿ ಕೂರಿಸಲಾಯಿತು. ಉಳಿದ ಮಕ್ಕಳು ನೋಡಿ ಅಣಕಿಸಿದರು.

ಮಕ್ಕಳೇ, ಒಂದು ವಿಷಯ ಗಮನಿಸಿ. ಆ ಹುಡುಗರು ಹುಟ್ಟುವಾಗಲೇ ದ್ವೇಷ ಹೊತ್ತು ಬಂದವರಲ್ಲ. ಮಗ್ಗಿ ಕಲಿಸಿದಂತೆ ದೊಡ್ಡವರು ಅವರಿಗೆ ದ್ವೇಷವನ್ನೂ ಕಲಿಸಿದರು.

ರೈಲು ನಿಂತ ಜಾಗ

1944ರಲ್ಲಿ ಇಡೀ ಕುಟುಂಬವನ್ನು ಮನೆಯಿಂದ ಎಬ್ಬಿಸಿ, ಮೊದಲು ಒಂದು ಬಯಲಿನಲ್ಲಿ ಕೂಡಿಹಾಕಿದರು. ಬಳಿಕ ದನ ಸಾಗಿಸುವ ರೈಲು ಡಬ್ಬಿಯಲ್ಲಿ ತುಂಬಿ ಕಳಿಸಿದರು. ಅನ್ನ-ನೀರಿಲ್ಲದೆ ದಿನಗಟ್ಟಲೆ ಸಾಗಿದ ಆ ರೈಲು ನಿಂತದ್ದು ಪೋಲೆಂಡಿನ ಆಶ್ವಿಟ್ಜ್ ಎಂಬಲ್ಲಿ. ಅದು ನಾಜಿಗಳು ಕಟ್ಟಿದ್ದ ಸೆರೆ ಶಿಬಿರ. ಅಲ್ಲಿ ವಿಷಾನಿಲದ ಕೋಣೆಗಳಿದ್ದವು. ಯುದ್ಧ ಮುಗಿಯುವುದರೊಳಗೆ ಆ ಒಂದೇ ಶಿಬಿರದಲ್ಲಿ ಸುಮಾರು 11 ಲಕ್ಷ ಜನರನ್ನು ಕೊಂದರು. ಯುರೋಪಿನಾದ್ಯಂತ ನಾಜಿಗಳು ಮತ್ತು ಅವರ ಜೊತೆಗಾರರು ಕೊಂದ ಯಹೂದಿಗಳ ಸಂಖ್ಯೆ ಸುಮಾರು 60 ಲಕ್ಷ. ಅವರಲ್ಲಿ ಮಕ್ಕಳೇ ಸುಮಾರು 15 ಲಕ್ಷ. ಇದನ್ನೇ ಇತಿಹಾಸದಲ್ಲಿ ಹಾಲೊಕಾಸ್ಟ್ ಎನ್ನುತ್ತಾರೆ.

ರೈಲಿನಿಂದ ಇಳಿದ ಜನಸಂದಣಿಯಲ್ಲಿ ಅಪ್ಪ, ಅಕ್ಕಂದಿರು ಕಣ್ಮರೆಯಾದರು. ಅಮ್ಮ ಅವಳಿಗಳ ಕೈ ಬಿಗಿಯಾಗಿ ಹಿಡಿದಿದ್ದಳು. ಇಬ್ಬರಿಗೂ ಒಂದೇ ಬಣ್ಣದ, ಒಂದೇ ಥರದ ಉಡುಪು. ಅದನ್ನು ಕಂಡ ಕಾವಲುಗಾರನೊಬ್ಬ, ಇವರು ಅವಳಿಗಳೇ ಎಂದು ಕೇಳಿದ. ಅವಳಿಗಳಾದರೆ ಒಳ್ಳೆಯದೇ ಎಂದು ಅಮ್ಮ ತಿರುಗಿ ಕೇಳಿದಳು. ಅವನು ತಲೆಯಾಡಿಸಿದ. ಹೌದು, ಅವಳಿಗಳು ಎಂದಳು ತಾಯಿ. ತಕ್ಷಣ ಮಕ್ಕಳನ್ನು ಒಂದು ಕಡೆಗೆ, ತಾಯಿಯನ್ನು ಇನ್ನೊಂದು ಕಡೆಗೆ ಎಳೆದೊಯ್ದರು. ಇವಾ ತಿರುಗಿ ನೋಡಿದಾಗ ಅಮ್ಮ ಎರಡೂ ಕೈ ಚಾಚಿ ಅಳುತ್ತಿದ್ದಳು. ಮತ್ತೆಂದೂ ಇವಾ ಅಮ್ಮನನ್ನು ನೋಡಲಿಲ್ಲ. ರೈಲು ಇಳಿದು ಅರ್ಧ ಗಂಟೆಯೊಳಗೆ ಆರು ಜನರ ಕುಟುಂಬದಲ್ಲಿ ಉಳಿದವರು ಇಬ್ಬರು.

ಅವಳಿಗಳನ್ನು ಏಕೆ ಉಳಿಸಿದರು? ಯೋಸೆಫ್ ಮೆಂಗೆಲೆ ಎಂಬ ವೈದ್ಯನೊಬ್ಬ ಅಲ್ಲಿ ಅವಳಿ ಮಕ್ಕಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಪ್ರಯೋಗಶಾಲೆಯಲ್ಲಿ ಇಲಿಗಳನ್ನು ಬಳಸುವಂತೆ ಅವನು ಮಕ್ಕಳನ್ನು ಬಳಸಿದ. ವಾರದಲ್ಲಿ ಮೂರು ದಿನ ಗಂಟೆಗಟ್ಟಲೆ ಮೈ ಅಳೆಯುವುದು, ಇನ್ನು ಮೂರು ದಿನ ರಕ್ತ ತೆಗೆದು ಏನೇನೋ ಸೂಜಿಮದ್ದು ಚುಚ್ಚುವುದು. ಒಮ್ಮೆ ಅಂಥ ಚುಚ್ಚುಮದ್ದಿನ ಬಳಿಕ ಇವಾಳಿಗೆ ವಿಪರೀತ ಜ್ವರ ಬಂತು. ಮೆಂಗೆಲೆ ಬಂದು ನೋಡಿ, ಇವಳಿಗೆ ಇನ್ನು ಎರಡೇ ವಾರ ಆಯಸ್ಸು ಎಂದು ನಕ್ಕ. ತಾನು ಸತ್ತರೆ ಹೋಲಿಸಿ ನೋಡುವುದಕ್ಕೆಂದು ಮಿರಿಯಂಳನ್ನೂ ಕೊಲ್ಲುತ್ತಾರೆ ಎಂಬುದು ಇವಾಳಿಗೆ ಆಗ ತಿಳಿದಿರಲಿಲ್ಲ. ಆದರೂ ಸಾಯಬಾರದು ಎಂದು ಹಟ ಹಿಡಿದಳು. ನಿಲ್ಲಲು ಶಕ್ತಿಯಿಲ್ಲದೆ ನೆಲದ ಮೇಲೆ ತೆವಳುತ್ತಾ ಹೋಗಿ ನಲ್ಲಿಯ ನೀರು ಕುಡಿದಳು. ಜ್ವರ ಇಳಿಯಿತು. ತಂಗಿಯ ಬಳಿಗೆ ಮರಳಿದಾಗ ಮಿರಿಯಂ ಸೊರಗಿ ಹೋಗಿದ್ದಳು. ಇವಾ ಅಡುಗೆಮನೆಯಿಂದ ಆಲೂಗಡ್ಡೆ ಕದ್ದು ತಂದು, ಬೇಯಿಸಿ ತಿನ್ನಿಸಿ ಅವಳನ್ನು ಉಳಿಸಿಕೊಂಡಳು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಕುತ್ತು ಎಂದು ಗೊತ್ತಿದ್ದೂ ಹೀಗೆ ಮಾಡಿದಳು.

1945ರ ಜನವರಿ 27ರಂದು ಸೋವಿಯತ್ ಸೈನಿಕರು ಬಂದು ಶಿಬಿರವನ್ನು ಬಿಡಿಸಿದರು. ಮಕ್ಕಳನ್ನು ಅಪ್ಪಿಕೊಂಡು ಚಾಕೊಲೇಟು, ಬಿಸ್ಕತ್ತು ಕೊಟ್ಟರು. ಇವಾಳಿಗೆ ಹನ್ನೊಂದು ತುಂಬಲು ಇನ್ನು ನಾಲ್ಕೇ ದಿನ. ಮೆಂಗೆಲೆಯ ಕೈಗೆ ಸಿಕ್ಕ ಅವಳಿ ಮಕ್ಕಳು ಸುಮಾರು ಮೂರು ಸಾವಿರ. ಬದುಕಿ ಹೊರಬಂದವರು ಇನ್ನೂರರಷ್ಟು ಮಾತ್ರ. ಅಕ್ಕತಂಗಿಯರು ಊರಿಗೆ ಮರಳಿದರೆ ಮನೆಯಲ್ಲಿ ಯಾರೂ ಇಲ್ಲ. ನೆಲದ ಮೇಲೆ ಮುದುಡಿ ಬಿದ್ದಿದ್ದ ಮೂರು ಫೋಟೊಗಳಷ್ಟೇ ಉಳಿದಿದ್ದವು.

ಬಾಗಿಲು ಬಡಿದ ಮಕ್ಕಳು

ಇಲ್ಲಿಗೆ ಕಥೆ ಮುಗಿಯಿತು, ಇನ್ನು ಸುಖವಾಗಿದ್ದರು ಎನ್ನೋಣವೇ? ಇಲ್ಲ ಮಕ್ಕಳೇ. ಶಿಬಿರದ ಬಾಗಿಲು ತೆರೆದರೂ ಒಳಗಿನ ಶಿಬಿರ ಮುಚ್ಚುವುದಿಲ್ಲ.

1950ರಲ್ಲಿ ಇಬ್ಬರೂ ಇಸ್ರೇಲಿಗೆ ಹೋದರು. ಇವಾ ಅಲ್ಲಿನ ಸೈನ್ಯದಲ್ಲಿ ಕೆಲಸ ಮಾಡಿದರು. 1960ರಲ್ಲಿ, ತಮ್ಮಂತೆಯೇ ಶಿಬಿರಗಳಿಂದ ಬದುಕಿ ಬಂದಿದ್ದ ಮೈಕೆಲ್ ಕೋರ್ ಎಂಬವರನ್ನು ಮದುವೆಯಾಗಿ ಅಮೆರಿಕದ ಇಂಡಿಯಾನಾ ರಾಜ್ಯದ ಟೆರೆ ಹೋಟ್ ಎಂಬ ಊರಿಗೆ ಬಂದರು. ಒಬ್ಬ ಮಗ, ಒಬ್ಬಳು ಮಗಳು ಹುಟ್ಟಿದರು. ಮನೆ-ನಿವೇಶನ ಮಾರಾಟದ ಕೆಲಸ ಹಿಡಿದರು.

ಆ ದೇಶದಲ್ಲಿ ಹ್ಯಾಲೋವೀನ್ ಎಂಬ ಹಬ್ಬದ ರಾತ್ರಿ ಮಕ್ಕಳು ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟುತ್ತಾರೆ, ಒಂದಿಷ್ಟು ಕೀಟಲೆ ಮಾಡುತ್ತಾರೆ. ಬೇರೆಯವರಿಗೆ ಅದು ತಮಾಷೆ. ಇವಾಗೆ ಮಾತ್ರ ಹಳ್ಳಿಯಲ್ಲಿ ತಮ್ಮ ಮನೆಯ ಮುಂದೆ ಬಂದು ಕೂಗಾಡುತ್ತಿದ್ದ ನಾಜಿ ಹುಡುಗರ ನೆನಪು. ಕೋಪದಿಂದ ಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಆ ಹೆಂಗಸಿಗೆ ತಲೆ ಸರಿಯಿಲ್ಲ ಎಂದು ಮಕ್ಕಳು ಇನ್ನಷ್ಟು ಕಾಡಿದರು. ನೀನೇಕೆ ಬೇರೆ ಅಮ್ಮಂದಿರ ಹಾಗಿಲ್ಲ ಎಂದು ಸ್ವಂತ ಮಗನೇ ಕೇಳುವಂತಾಯಿತು.

1978ರಲ್ಲಿ ಅಮೆರಿಕದ ಟೀವಿಯಲ್ಲಿ ಹಾಲೊಕಾಸ್ಟ್ ಕುರಿತ ಧಾರಾವಾಹಿ ಬಂತು. ಆಗ ಊರಿನವರಿಗೆ ಇವಾರ ನೋವಿನ ಮೂಲ ಸ್ವಲ್ಪ ಅರ್ಥವಾಯಿತು. ತಮ್ಮಂತೆ ಬದುಕಿ ಉಳಿದ ಬೇರೆ ಅವಳಿಗಳು ಎಲ್ಲಿದ್ದಾರೋ ಎಂದು ಇವಾ ಹುಡುಕಲು ಹೊರಟರು. 1984ರಲ್ಲಿ ಮಿರಿಯಂ ಜೊತೆ ಸೇರಿ 'ಕ್ಯಾಂಡಲ್ಸ್' ಎಂಬ ಸಂಸ್ಥೆ ಕಟ್ಟಿದರು. ಹತ್ತು ದೇಶಗಳಲ್ಲಿ ಚದುರಿಹೋಗಿದ್ದ 122 ಮಂದಿ ಸಿಕ್ಕರು.

ಈ ನಡುವೆ ಮಿರಿಯಂ ಆರೋಗ್ಯ ಕೆಟ್ಟಿತು. ಶಿಬಿರದಲ್ಲಿ ಚುಚ್ಚಿದ ಮದ್ದಿನಿಂದಾಗಿ ಅವರ ಮೂತ್ರಪಿಂಡಗಳು ಹತ್ತು ವರ್ಷದ ಹುಡುಗಿಯ ಮೂತ್ರಪಿಂಡಗಳಷ್ಟೇ ಉಳಿದುಬಿಟ್ಟಿದ್ದವು. 1987ರಲ್ಲಿ ಇವಾ ತಮ್ಮ ಒಂದು ಮೂತ್ರಪಿಂಡವನ್ನು ತಂಗಿಗೆ ಕೊಟ್ಟರು. ಆರು ವರ್ಷ ಕಳೆದು, 1993ರಲ್ಲಿ ಮಿರಿಯಂ ಕ್ಯಾನ್ಸರಿನಿಂದ ತೀರಿಕೊಂಡರು.

ಅಂಗಡಿಯಲ್ಲಿ ಸಿಗದ ಉಡುಗೊರೆ

ಅದೇ ವರ್ಷ ಇವಾ ಜರ್ಮನಿಗೆ ಹೋಗಿ ಹಾನ್ಸ್ ಮ್ಯೂಂಕ್ ಎಂಬ ವೃದ್ಧನನ್ನು ಭೇಟಿಯಾದರು. ಆತ ಆಶ್ವಿಟ್ಜ್‌ನಲ್ಲಿ ನಾಜಿ ವೈದ್ಯನಾಗಿದ್ದವನು. ಯುದ್ಧ ಮುಗಿದ ಮೇಲೆ ನಡೆದ ವಿಚಾರಣೆಯಲ್ಲಿ ಅವನ ಬಿಡುಗಡೆಯಾಗಿತ್ತು. ಭಯಪಡುತ್ತಲೇ ಹೋದ ಇವಾರನ್ನು ಆತ ಗೌರವದಿಂದ ಬರಮಾಡಿಕೊಂಡ. ವಿಷಾನಿಲದ ಕೋಣೆಗಳ ಬಗ್ಗೆ ಕೇಳಿದಾಗ ತಾನು ಕಂಡದ್ದನ್ನೆಲ್ಲ ಹೇಳಿದ. ಅದು ಇಂದಿಗೂ ಕೆಟ್ಟ ಕನಸಾಗಿ ಕಾಡುತ್ತದೆ ಎಂದ.

ಇವಾ ಅವನನ್ನು ಒಂದು ಕೆಲಸ ಕೇಳಿಕೊಂಡರು. ಆಶ್ವಿಟ್ಜ್‌ಗೆ ಬಂದು, ಅಲ್ಲಿ ನಡೆದದ್ದನ್ನು ಕಾಗದದ ಮೇಲೆ ಬರೆದು ಸಹಿ ಹಾಕಬೇಕು. ಇಂಥದ್ದೇನೂ ನಡೆದೇ ಇಲ್ಲ ಎಂದು ವಾದಿಸುವವರು ಜಗತ್ತಿನಲ್ಲಿ ಇದ್ದಾರೆ. ನಾಜಿ ವೈದ್ಯನ ಕೈಯಿಂದಲೇ ಬಂದ ಸಾಕ್ಷ್ಯ ಅವರ ಬಾಯಿ ಮುಚ್ಚಿಸುತ್ತದೆ ಎಂಬುದು ಇವಾರ ಲೆಕ್ಕ. ಮ್ಯೂಂಕ್ ಒಪ್ಪಿಕೊಂಡ.

ಇದಕ್ಕಾಗಿ ಅವನಿಗೆ ಏನಾದರೂ ಕೊಡಬೇಕಲ್ಲ ಎಂದು ಇವಾ ಯೋಚಿಸಿದರು. ಅಂಗಡಿಗೆ ಹೋಗಿ ಗ್ರೀಟಿಂಗ್ ಕಾರ್ಡುಗಳನ್ನೆಲ್ಲ ತಿರುವಿ ಹಾಕಿದರು. ನಾಜಿ ವೈದ್ಯನಿಗೆ ಕೊಡುವಂಥ ಕಾರ್ಡು ಎಲ್ಲಿ ಸಿಕ್ಕೀತು! ಹತ್ತು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ಥಟ್ಟನೆ ಹೊಳೆಯಿತು: ಕ್ಷಮೆಯ ಒಂದು ಪತ್ರ ಬರೆದರೆ ಹೇಗೆ? ಅದು ಅವನಿಗೆ ದೊಡ್ಡ ಉಡುಗೊರೆಯೇ. ಆದರೆ ಅದಕ್ಕಿಂತ ಮುಖ್ಯವಾದ ಒಂದು ವಿಷಯ ಆ ಕ್ಷಣ ಇವಾಗೆ ತಿಳಿಯಿತು. ಕ್ಷಮಿಸುವ ಶಕ್ತಿ ತನ್ನ ಕೈಯಲ್ಲಿದೆ! ಅದನ್ನು ಯಾರೂ ಕೊಡಬೇಕಿಲ್ಲ, ಯಾರೂ ಕಿತ್ತುಕೊಳ್ಳಲಾರರು. ಹತ್ತನೆಯ ವಯಸ್ಸಿನಿಂದ ಬೇರೆಯವರು ಮಾಡಿದ್ದನ್ನೆಲ್ಲ ಅನುಭವಿಸಿಕೊಂಡೇ ಬಂದ ಜೀವಕ್ಕೆ ಇದು ಹೊಸ ಅರಿವು.

ಪತ್ರದ ಕಾಗುಣಿತ ತಿದ್ದಿಕೊಡಿ ಎಂದು ಇವಾ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕಿಯ ಬಳಿ ಹೋದರು. ನಿಮ್ಮ ನಿಜವಾದ ಸಿಟ್ಟು ಮ್ಯೂಂಕ್ ಮೇಲಲ್ಲ, ಮೆಂಗೆಲೆಯ ಮೇಲೆ. ಅವನನ್ನು ಕ್ಷಮಿಸಬಲ್ಲಿರಾ ಎಂದು ಆಕೆ ಕೇಳಿದರು. ಇವಾ ಮನೆಗೆ ಬಂದು ನಿಘಂಟು ತೆರೆದು ಕೆಟ್ಟಕೆಟ್ಟ ಬೈಗುಳಗಳನ್ನು ಹುಡುಕಿ ಇಪ್ಪತ್ತರಷ್ಟು ಬರೆದುಕೊಂಡರು. ಮೆಂಗೆಲೆ ಎದುರಿಗೇ ಇದ್ದಾನೆ ಎಂದು ಕಲ್ಪಿಸಿಕೊಂಡು ಒಂದೊಂದಾಗಿ ಓದಿದರು. ಕೊನೆಯಲ್ಲಿ, ಇಷ್ಟೆಲ್ಲ ಆದರೂ ನಿನ್ನನ್ನು ಕ್ಷಮಿಸಿದ್ದೇನೆ ಎಂದರು.

ಮೆಂಗೆಲೆ ಆಗ ಬದುಕಿರಲಿಲ್ಲ. ಯುದ್ಧದ ಬಳಿಕ ದಕ್ಷಿಣ ಅಮೆರಿಕಕ್ಕೆ ಓಡಿಹೋಗಿ, ಶಿಕ್ಷೆಯನ್ನೇ ಅನುಭವಿಸದೆ 1979ರಲ್ಲಿ ಬ್ರೆಜಿಲಿನ ಕಡಲಲ್ಲಿ ಮುಳುಗಿ ಸತ್ತಿದ್ದ. ಅವನು ಬಂದು ತಪ್ಪಾಯಿತು ಎಂದು ಹೇಳಲಿ, ಆಮೇಲೆ ನನ್ನ ಮನಸ್ಸು ಹಗುರವಾಗಲಿ ಎಂದು ಕಾದಿದ್ದರೆ ಇವಾ ಸಾಯುವವರೆಗೂ ಕಾಯಬೇಕಿತ್ತು. ಹೋದವನ ಕೈಯಲ್ಲಿ ತನ್ನ ನೆಮ್ಮದಿಯ ಕೀಲಿಕೈ ಏಕಿರಬೇಕು ಎಂದು ಅವರು ಅದನ್ನು ವಾಪಸು ತೆಗೆದುಕೊಂಡರು.

1995ರ ಜನವರಿ 27. ಬಿಡುಗಡೆಯಾಗಿ ಸರಿಯಾಗಿ ಐವತ್ತು ವರ್ಷ. ಇವಾ ತಮ್ಮ ಮಕ್ಕಳೊಡನೆ, ಮ್ಯೂಂಕ್ ತನ್ನ ಮಕ್ಕಳು ಮತ್ತು ಮೊಮ್ಮಗಳೊಡನೆ ಆಶ್ವಿಟ್ಜ್‌ನಲ್ಲಿ ನಿಂತರು. ಆತ ಸಾಕ್ಷ್ಯಪತ್ರಕ್ಕೆ ಸಹಿ ಹಾಕಿದ. ಇವಾ ತಮ್ಮ ಕ್ಷಮೆಯ ಪತ್ರ ಓದಿದರು. ಓದಿ ಮುಗಿಸಿದಾಗ ಐವತ್ತು ವರ್ಷ ಹೊತ್ತಿದ್ದ ಭಾರ ಇಳಿದಂತಾಯಿತು ಎಂದು ಮುಂದೆ ಹೇಳುತ್ತಿದ್ದರು.

ಮನೆಯವರೆಲ್ಲ ಕೇಳಬೇಕಾದ ಇನ್ನೊಂದು ಮಾತು ಇಲ್ಲಿದೆ. ಇವಾಗೆ ಒಳಗೊಳಗೇ ತಮ್ಮ ಅಪ್ಪ ಅಮ್ಮನ ಮೇಲೂ ಸಿಟ್ಟಿತ್ತು. ತಂದೆತಾಯಿ ಮಕ್ಕಳನ್ನು ಕಾಪಾಡಬೇಕಲ್ಲವೇ, ನಮ್ಮನ್ನೇಕೆ ಕಾಪಾಡಲಿಲ್ಲ ಎಂಬ ಎಳೆಯ ಮಗುವಿನ ಸಿಟ್ಟು. ಅವರು ಅಪ್ಪ ಅಮ್ಮನನ್ನೂ ಕ್ಷಮಿಸಿದರು. ಹೆತ್ತವರನ್ನು ದ್ವೇಷಿಸಿದ್ದಕ್ಕಾಗಿ ತಮ್ಮನ್ನು ತಾವೂ ಕ್ಷಮಿಸಿಕೊಂಡರು.

ಒಪ್ಪದವರೂ ಇದ್ದರು

ಇವಾ ಕ್ಷಮಿಸಿದ್ದನ್ನು ಎಲ್ಲರೂ ಹೊಗಳಿದರು ಎಂದುಕೊಳ್ಳಬೇಡಿ. ಬದುಕಿ ಉಳಿದ ಬೇರೆ ಅವಳಿಗಳಲ್ಲಿ ಹಲವರಿಗೆ ತುಂಬಾ ನೋವಾಯಿತು, ಕೋಪ ಬಂತು. ಕೊಂದದ್ದು ನಮ್ಮ ತಾಯಿಯನ್ನು, ತಮ್ಮಂದಿರನ್ನು. ಕ್ಷಮಿಸುವ ಹಕ್ಕು ಸತ್ತವರಿಗೆ ಮಾತ್ರ ಇತ್ತು, ಅವರ ಪರವಾಗಿ ನಾವು ಹೇಗೆ ಕ್ಷಮಿಸುವುದು ಎಂದು ಅವರು ಕೇಳಿದರು. ಯಹೂದಿ ಧರ್ಮದ ತಿಳಿವಳಿಕೆಯೂ ಹಾಗೆಯೇ ಇದೆ: ಒಬ್ಬ ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಕ್ಷಮಿಸಬೇಕು, ತಪ್ಪು ಮಾಡಿದವನು ಪಶ್ಚಾತ್ತಾಪಪಟ್ಟು ಅವನ ಬಳಿ ಬಂದು ಕೇಳಬೇಕು.

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಾನು ಕ್ಷಮಿಸಿದ್ದು ತನ್ನ ಒಬ್ಬಳ ಹೆಸರಿನಲ್ಲಿ ಮಾತ್ರ, ಬೇರೆ ಯಾರ ಪರವಾಗಿಯೂ ಅಲ್ಲ ಎಂದು ಇವಾ ಕೂಡ ಮತ್ತೆಮತ್ತೆ ಹೇಳಿದರು. ಕ್ಷಮಿಸದವರು ಕೆಟ್ಟವರಲ್ಲ. ತಮ್ಮವರ ನೆನಪನ್ನು ಕಾಪಾಡಿಕೊಳ್ಳಲು ಅವರು ಹಿಡಿದ ದಾರಿ ಬೇರೆ, ಅಷ್ಟೆ.

2015ರಲ್ಲಿ ಜರ್ಮನಿಯ ಲ್ಯೂನೆಬುರ್ಗ್ ನಗರದ ನ್ಯಾಯಾಲಯದಲ್ಲಿ ಓಸ್ಕರ್ ಗ್ರೋನಿಂಗ್ ಎಂಬವನ ವಿಚಾರಣೆ ನಡೆಯಿತು. ಶಿಬಿರಕ್ಕೆ ಬಂದವರಿಂದ ಕಿತ್ತುಕೊಂಡ ಹಣದ ಲೆಕ್ಕ ಇಡುತ್ತಿದ್ದವನು ಅವನು. 81 ವರ್ಷದ ಇವಾ ಅಲ್ಲಿಗೆ ಹೋಗಿ ಅವನ ವಿರುದ್ಧ ಸಾಕ್ಷ್ಯ ನುಡಿದರು. ಬಳಿಕ ಹತ್ತಿರ ಹೋಗಿ ಮಾತಾಡಿಸಿದಾಗ ಆ ಮುದುಕ ಅವರನ್ನು ಅಪ್ಪಿ ಕೆನ್ನೆಗೆ ಮುತ್ತಿಟ್ಟ. ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಅವರೊಡನೆ ದೂರು ಕೊಟ್ಟಿದ್ದ ಉಳಿದವರು ಇದನ್ನು ಒಪ್ಪಲಿಲ್ಲವೆಂದು ಹೇಳಿಕೆ ಕೊಟ್ಟರು. ಮೂರು ಲಕ್ಷ ಜನರ ಕೊಲೆಗೆ ನೆರವಾದ ಅಪರಾಧಕ್ಕಾಗಿ ನ್ಯಾಯಾಲಯ ಅವನಿಗೆ ನಾಲ್ಕು ವರ್ಷ ಶಿಕ್ಷೆ ವಿಧಿಸಿತು. ಜೈಲಿಗೆ ಹೋಗುವ ಮೊದಲೇ, 2018ರಲ್ಲಿ ಆತ ತೀರಿಕೊಂಡ.

ಕ್ಷಮಿಸಿದ ಇವಾ ನ್ಯಾಯಾಲಯಕ್ಕೂ ಹೋದರು ಎಂಬುದನ್ನು ಮರೆಯಬೇಡಿ. ನಡೆದದ್ದನ್ನು ಮುಚ್ಚಿಡುವುದು ಅವರಿಗೆ ಕ್ಷಮೆಯಾಗಿರಲಿಲ್ಲ. 1995ರಲ್ಲೇ ಅವರು ತಮ್ಮೂರಿನಲ್ಲಿ ಹಾಲೊಕಾಸ್ಟ್ ವಸ್ತುಸಂಗ್ರಹಾಲಯ ತೆರೆದಿದ್ದರು. 2003ರಲ್ಲಿ ಯಾರೋ ಅದಕ್ಕೆ ಬೆಂಕಿ ಹಚ್ಚಿದರು, ಎಲ್ಲವೂ ಸುಟ್ಟುಹೋಯಿತು. ಜನರ ದೇಣಿಗೆಯಿಂದ 2005ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ವರ್ಷವರ್ಷವೂ ಜನರನ್ನು ಆಶ್ವಿಟ್ಜ್‌ಗೆ ಕರೆದೊಯ್ದು ತಾವೇ ನಿಂತು ಎಲ್ಲವನ್ನೂ ತೋರಿಸುತ್ತಿದ್ದರು. ಹಾಗೆ ಹೋಗಿದ್ದಾಗಲೇ, 2019ರ ಜುಲೈ 4ರಂದು ಪೋಲೆಂಡಿನ ಕ್ರಾಕೊ ನಗರದಲ್ಲಿ ತೀರಿಕೊಂಡರು. ಅವರಿಗೆ 85 ವರ್ಷ.

ನಮ್ಮ ಮನೆಗೆ ಬಂದರೆ

ಇವಾ ಅನುಭವಿಸಿದ್ದಕ್ಕೂ ನಮ್ಮ ಮನೆಯ ಜಗಳಗಳಿಗೂ ಹೋಲಿಕೆಯೇ ಇಲ್ಲ. ಆದರೂ ಅವರಿಂದ ಕಲಿಯುವುದು ಇದೆ.

ಮಕ್ಕಳು ಜಗಳವಾಡಿದಾಗ ನಾವು ಹಿರಿಯರು ಏನು ಮಾಡುತ್ತೇವೆ? ಒಬ್ಬನಿಗೆ "ಸಾರಿ ಕೇಳು" ಎನ್ನುತ್ತೇವೆ. ಇನ್ನೊಬ್ಬಳಿಗೆ "ಹೋಗಲಿ ಬಿಡು ಪುಟ್ಟಿ, ಅಣ್ಣ ಅಲ್ವಾ" ಎನ್ನುತ್ತೇವೆ. ಒಂದೇ ನಿಮಿಷದಲ್ಲಿ ಪಂಚಾಯ್ತಿ ಮುಗಿಯಿತು. ಆದರೆ ನೋವು ತಿಂದ ಮಗುವಿನ ಮಾತನ್ನು ಯಾರೂ ಕೇಳಲೇ ಇಲ್ಲ. ಇವಾಗೆ ಐವತ್ತು ವರ್ಷ ಬೇಕಾಯಿತು, ಯಾರೂ ಒತ್ತಾಯ ಮಾಡಿರಲಿಲ್ಲ. ನಮ್ಮ ಪುಟ್ಟಿಗೆ ಒಂದು ಸಂಜೆಯಾದರೂ ಬೇಡವೇ? ಮೊದಲು ಏನಾಯಿತು ಎಂದು ಪೂರ್ತಿ ಕೇಳಿ. ತಪ್ಪು ಮಾಡಿದವನು ಅದನ್ನು ತನ್ನ ಬಾಯಲ್ಲಿ ಒಪ್ಪಿಕೊಳ್ಳಲಿ. ಮುರಿದ ಪೆನ್ಸಿಲ್ ಬಾಕ್ಸ್ ಇದ್ದರೆ ಸರಿಮಾಡಿಕೊಡಲಿ. ಕ್ಷಮೆ ಅದರ ಹಿಂದೆ ತಾನಾಗಿ ಬಂದರೆ ಬರಲಿ.

ಅಜ್ಜ-ಅಜ್ಜಿಯರೇ, ನಿಮಗೂ ಒಂದು ಮಾತು. ಬೇಲಿಯ ವಿಷಯಕ್ಕೋ, ಮದುವೆಯಲ್ಲಿ ಸರಿಯಾಗಿ ಕರೆಯಲಿಲ್ಲ ಎಂಬುದಕ್ಕೋ ಮಾತು ಬಿಟ್ಟ ಮನೆಗಳು ಊರೂರಿನಲ್ಲೂ ಇವೆ. "ಆ ಮನೆಯವರ ಜೊತೆ ಸೇರಬೇಡ" ಎಂದು ಕಾರಣ ಹೇಳದೆ ಮೊಮ್ಮಕ್ಕಳಿಗೆ ಹೇಳಿದರೆ, ಜಗಳ ಮುಗಿದ ಮೇಲೂ ಸಿಟ್ಟು ಮಾತ್ರ ಆಸ್ತಿಯಂತೆ ಮುಂದಿನವರ ಪಾಲಿಗೆ ಬರುತ್ತದೆ. ನಿಮಗೆ ಕ್ಷಮಿಸಲು ಆಗದಿದ್ದರೆ ಬೇಡ. ಮಕ್ಕಳಿಗೆ ಆ ಗಂಟು ಕೊಡದಿದ್ದರೆ ಸಾಕು.

ಮಕ್ಕಳೇ, ನೀವು ಇದನ್ನು ಚೆನ್ನಾಗಿ ನೆನಪಿಡಿ. ಕ್ಷಮಿಸುವುದೆಂದರೆ ಪೆಟ್ಟು ತಿನ್ನುತ್ತಲೇ ಇರುವುದಲ್ಲ. ಯಾರಾದರೂ ಹೊಡೆಯುತ್ತಿದ್ದರೆ, ಹೆದರಿಸುತ್ತಿದ್ದರೆ, ಇಷ್ಟವಿಲ್ಲದಂತೆ ಮುಟ್ಟುತ್ತಿದ್ದರೆ ಅದನ್ನು ನುಂಗಿಕೊಳ್ಳಬೇಡಿ. ನಂಬಿಕೆಯ ದೊಡ್ಡವರಿಗೆ ಹೇಳಿ. ಅವರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ. ಮೊದಲು ನೀವು ಕ್ಷೇಮವಾಗಿರಬೇಕು. ಕ್ಷಮೆಯ ಮಾತು ಆಮೇಲೆ, ಅದೂ ನಿಮಗೆ ಬೇಕೆನಿಸಿದಾಗ.

ಈ ವಾರ ಮನೆಯಲ್ಲಿ

ಇವಾ ಅಜ್ಜಿ ಎಲ್ಲರಿಗೂ ಒಂದು ಉಪಾಯ ಹೇಳುತ್ತಿದ್ದರು. ಮನಸ್ಸು ನೋಯಿಸಿದವರಿಗೆ ಒಂದು ಪತ್ರ ಬರೆಯಿರಿ, ಆದರೆ ಅಂಚೆಗೆ ಹಾಕಬೇಡಿ. ಈ ವಾರ ಮನೆಯವರೆಲ್ಲ ಒಂದೊಂದು ಹಾಳೆ ತೆಗೆದುಕೊಳ್ಳಿ. ಅಜ್ಜ, ಅಜ್ಜಿ, ಅಪ್ಪ, ಅಮ್ಮನೂ ಸೇರಲಿ. ಸಿಟ್ಟಿದ್ದರೆ ಸಿಟ್ಟನ್ನೇ ಬರೆಯಿರಿ. ಬೈಗುಳ ಬಂದರೂ ಪರವಾಗಿಲ್ಲ, ಇವಾ ಅಜ್ಜಿಯೂ ಇಪ್ಪತ್ತು ಬರೆದಿದ್ದರಲ್ಲ! ಕಾಗುಣಿತ ತಪ್ಪಾದರೆ ಯಾರೂ ತಿದ್ದಬೇಡಿ. ಯಾರ ಪತ್ರವನ್ನೂ ಯಾರೂ ಓದಬೇಡಿ. ಕೊನೆಯ ಸಾಲಿನಲ್ಲಿ ಕ್ಷಮಿಸಿದ್ದೇನೆ ಎಂದು ಬರೆಯಲು ಮನಸ್ಸು ಬಂದರೆ ಬರೆಯಿರಿ. ಬಾರದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು, ಹಾಳೆಯನ್ನು ಮಡಚಿ ಎತ್ತಿಡಿ.